ಚಿತ್ರದ ಅರ್ಥವನ್ನು ಹೇಳುವವರು ಯಾರು?

ಜಪಾನಿನಲ್ಲಿ ತಯಾರಾಗುವ ಕಾರ್ಟೂನ್ ಚಿತ್ರಗಳಿಗೆ ‘ಅನಿಮೆ’ ಎಂದು ಹೆಸರು. ಕಾರ್ಟೂನ್ ಎಂದರೆ ಚಿಕ್ಕ ಮಕ್ಕಳನ್ನು ಸುಮ್ಮನಿರಿಸುವ ಸಾಧನ ಎಂದು ಭಾವಿಸಿರುವ ಹಿರಿಯರಿಗೆ ಒಂದು ಸಂಗತಿ ಆಶ್ಚರ್ಯ ತರಬಹುದು. ಈ ಚಿತ್ರಗಳನ್ನು ನೋಡುವ ಯುವಜನರು ಅವುಗಳಲ್ಲಿರುವ ರಾಜಕೀಯದ ಬಗ್ಗೆ ಗಂಟೆಗಟ್ಟಲೆ ವಾದ ಮಾಡುತ್ತಾರೆ. ಈ ಚಿತ್ರ ಯುದ್ಧದ ಪರವೋ ವಿರೋಧವೋ? ಮಾಡಿದವನು ದೇಶಭಕ್ತನೋ ದೇಶದ್ರೋಹಿಯೋ? ವಾದ ಕಾವೇರಿದಂತೆ ಚಿತ್ರ ಮರೆತುಹೋಗಿ, ಎದುರು ಕುಳಿತವನ ಹಣೆಗೇ ಪಟ್ಟಿ ಅಂಟಿಸುವುದೂ ಉಂಟು.

ಇದರ ಹಿಂದೆ ತತ್ವಶಾಸ್ತ್ರದ ಒಂದು ಹಳೆಯ ಪ್ರಶ್ನೆ ಅಡಗಿದೆ. ಒಂದು ಕೃತಿಯ ಅರ್ಥವನ್ನು ತೀರ್ಮಾನಿಸುವ ಹಕ್ಕು ಯಾರದು? ಮಾಡಿದವನದೋ, ನೋಡಿದವನದೋ? ಒಂದು ಚಿತ್ರವನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸೋಣ.

1988ರಲ್ಲಿ ನಿರ್ದೇಶಕ ಇಸಾವೊ ತಕಹಾತ ಅವರ ‘ಗ್ರೇವ್ ಆಫ್ ದಿ ಫೈರ್‌ಫ್ಲೈಸ್’, ಅಂದರೆ ಮಿಂಚುಹುಳುಗಳ ಸಮಾಧಿ ಎಂಬ ಚಿತ್ರ ತೆರೆಗೆ ಬಂತು. ಅದಕ್ಕೆ ಆಧಾರ ಅಕಿಯುಕಿ ನೊಸಾಕ 1967ರಲ್ಲಿ ಬರೆದ ಕಥೆ. 1945ರ ಬಾಂಬ್ ದಾಳಿಯ ನಂತರ ನೊಸಾಕ ಅವರ ಪುಟ್ಟ ತಂಗಿ ಹಸಿವಿನಿಂದ ಸತ್ತಿದ್ದಳು. ಆ ಮಗುವಿನ ಕ್ಷಮೆ ಕೇಳುವಂತೆ ಅವರು ಈ ಕಥೆ ಬರೆದರು. ಚಿತ್ರದಲ್ಲಿ ಸೇಯಿತಾ ಎಂಬ 14 ವರ್ಷದ ಹುಡುಗ ಮತ್ತು ಅವನ 4 ವರ್ಷದ ತಂಗಿ ಸೆತ್ಸುಕೊ ಇದ್ದಾರೆ. ತಂದೆ ನೌಕಾಪಡೆಯಲ್ಲಿದ್ದಾನೆ. ಕೋಬೆ ನಗರದ ಮೇಲೆ ಬಿದ್ದ ಬೆಂಕಿಬಾಂಬುಗಳಿಂದ ತಾಯಿ ಸುಟ್ಟು ಸಾಯುತ್ತಾಳೆ. ಮಕ್ಕಳು ಬಂಧುವಾದ ಹೆಂಗಸೊಬ್ಬಳ ಮನೆ ಸೇರುತ್ತಾರೆ. ಆಕೆಯ ಚುಚ್ಚುಮಾತು ತಾಳಲಾರದೆ ಹುಡುಗ ತಂಗಿಯನ್ನು ಕರೆದುಕೊಂಡು ಹೊರಟು, ಕೆರೆಯ ಬಳಿಯ ಪಾಳುಬಿದ್ದ ಆಶ್ರಯಗುಹೆಯಲ್ಲಿ ವಾಸಿಸುತ್ತಾನೆ. ಅಲ್ಲಿ ಮಗು ಹಸಿವಿನಿಂದ ಸಾಯುತ್ತದೆ. ಕೆಲವು ವಾರಗಳ ನಂತರ ರೈಲು ನಿಲ್ದಾಣದಲ್ಲಿ ಹುಡುಗನೂ ಸಾಯುತ್ತಾನೆ.

ಲೋಕವೆಲ್ಲ ಇದನ್ನು ಯುದ್ಧವಿರೋಧಿ ಚಿತ್ರವೆಂದು ಕೊಂಡಾಡಿತು. ಆದರೆ ತಕಹಾತ ಮಾತ್ರ ‘ಅಲ್ಲ’ ಎಂದು ಮತ್ತೆ ಮತ್ತೆ ಹೇಳಿದರು. ಅವರೇನು ಯುದ್ಧಪ್ರೇಮಿಯೇ? ಖಂಡಿತ ಅಲ್ಲ. 9ನೇ ವಯಸ್ಸಿನಲ್ಲಿ, 1945ರ ಜೂನ್ 29ರಂದು, ಒಕಾಯಾಮ ನಗರದ ಮೇಲಿನ ಬಾಂಬ್ ದಾಳಿಯಿಂದ ಪಾರಾಗಿ ಬಂದವರು ಅವರು. ಯುದ್ಧವನ್ನು ತ್ಯಜಿಸುವ ಜಪಾನ್ ಸಂವಿಧಾನದ 9ನೇ ವಿಧಿಯನ್ನು ಉಳಿಸಬೇಕೆಂದು ಬಹಿರಂಗವಾಗಿ ವಾದಿಸಿದವರು. ಆದರೂ ಅವರ ಅಭಿಪ್ರಾಯ ಹೀಗಿತ್ತು: ಯುದ್ಧದಲ್ಲಿ ಜನರು ಪಟ್ಟ ಪಾಡನ್ನು ತೋರಿಸಿದ ಮಾತ್ರಕ್ಕೆ ಮುಂದಿನ ಯುದ್ಧ ನಿಲ್ಲುವುದಿಲ್ಲ. ಯುದ್ಧ ಆರಂಭಿಸುವವರೂ ಇಂಥ ಪಾಡು ನಮ್ಮ ಜನರಿಗೆ ಮತ್ತೆ ಬರಬಾರದೆಂದೇ ಹೇಳಿ ಆರಂಭಿಸುತ್ತಾರೆ. ಈ ಕಥೆಯಲ್ಲಿ ಅವರು ಕಂಡದ್ದು ಬೇರೆ ಸಂಗತಿಯನ್ನು. ಸಹಿಸಲು ಕಷ್ಟವಾದ ಸಂಬಂಧಗಳನ್ನೆಲ್ಲ ಕಡಿದುಕೊಂಡು, ತಾವಿಬ್ಬರೇ ಬಾಳಬಹುದೆಂದು ನಂಬಿದ ಹುಡುಗನ ಸೋಲನ್ನು ಅವರು ತೋರಿಸಿದ್ದರು. ತಮ್ಮ ಕಾಲದ ಯುವಕರಲ್ಲೂ ಅದೇ ಸ್ವಭಾವವನ್ನು ಅವರು ಕಂಡಿದ್ದರು.

ಹಾಗಾದರೆ ಮಾಡಿದವನ ಮಾತೇ ಕೊನೆಯ ತೀರ್ಪೇ? ಅದೂ ಸರಿಯಾಗದು. 1945ರ ಏಪ್ರಿಲ್ ತಿಂಗಳಲ್ಲಿ, ಯುದ್ಧ ಸೋಲುವ ಹೊತ್ತಿಗೆ, ಜಪಾನಿನ ನೌಕಾಪಡೆ ಮಾಡಿಸಿದ ‘ಮೊಮೊತಾರೊ’ ಎಂಬ ದೊಡ್ಡ ಅನಿಮೆ ಚಿತ್ರ ತೆರೆಕಂಡಿತು. ಮುದ್ದಾದ ಪ್ರಾಣಿಗಳು ಸೈನಿಕರಾಗಿ ಶತ್ರುವನ್ನು ಸೋಲಿಸುವ ಆ ಚಿತ್ರದ ಉದ್ದೇಶ ಯುದ್ಧಪ್ರಚಾರ. ಅದನ್ನು ನೋಡಿದವರಲ್ಲಿ ಒಸಾಮು ತೆಜುಕ ಎಂಬ 16 ವರ್ಷದ ಹುಡುಗನೂ ಒಬ್ಬ. ಅವನ ಮನಸ್ಸನ್ನು ಸೆಳೆದದ್ದು ಅದರ ಯುದ್ಧವಲ್ಲ, ಅದರಲ್ಲಿದ್ದ ಕೋಮಲತೆ. ತಾನೂ ಮುಂದೆ ಇಂಥ ಚಿತ್ರ ಮಾಡಬೇಕೆಂದು ಅವನು ಅಂದೇ ನಿಶ್ಚಯಿಸಿದ. 1963ರಲ್ಲಿ ‘ಆಸ್ಟ್ರೋ ಬಾಯ್’ ಮೂಲಕ ಜಪಾನಿನ ಟೆಲಿವಿಷನ್ ಅನಿಮೆಗೆ ದಾರಿ ತೋರಿದವನು ಅವನೇ. ಬಿತ್ತಿದವನು ಒಂದು ಬೆಳೆಯನ್ನು ಬಯಸಿದ್ದ, ಹೊಲದಲ್ಲಿ ಬೆಳೆದದ್ದು ಇನ್ನೊಂದು.

ಆದ್ದರಿಂದ ಕೃತಿಕಾರನ ಮಾತನ್ನು ಸಾಕ್ಷಿಯ ಮಾತಿನಂತೆ ಸ್ವೀಕರಿಸುವುದು ಒಳ್ಳೆಯದು. ಸಾಕ್ಷಿಯನ್ನು ಕೇಳದೆ ತೀರ್ಪು ಕೊಡುವುದು ಅನ್ಯಾಯ. ಆದರೆ ಸಾಕ್ಷಿಯೇ ನ್ಯಾಯಾಧೀಶನಲ್ಲ. ಕೃತಿಯಲ್ಲಿ ಏನಿದೆ ಎಂಬುದನ್ನು ನಾವೇ ಕಣ್ಣುಬಿಟ್ಟು ನೋಡಬೇಕು.

ಹಾಗೆ ನೋಡಿದರೆ ಈ ಚಿತ್ರದಲ್ಲಿ ಕಾಣುವುದೇನು? ಮಕ್ಕಳ ತಾಯಿಯ ಉಡುಪುಗಳನ್ನು ಅಕ್ಕಿಗೆ ಮಾರಿಸಿ, ಆ ಅಕ್ಕಿಯಲ್ಲೂ ಅವರಿಗೆ ಕಡಿಮೆ ಬಡಿಸುವ ಬಂಧು. ಮಗುವಿಗೆ ಪೌಷ್ಟಿಕ ಆಹಾರ ಬೇಕೆಂದು ಹೇಳಿ ಅಷ್ಟಕ್ಕೇ ಕೈತೊಳೆದುಕೊಳ್ಳುವ ವೈದ್ಯ. ಕದ್ದ ಹುಡುಗನನ್ನು ಕರುಣೆಯಿಲ್ಲದೆ ಹೊಡೆಯುವ ರೈತ. ಇನ್ನೊಬ್ಬ ರೈತ, ಆ ಮನೆಗೇ ಮರಳಿ ಹೋಗಿ ಕ್ಷಮೆ ಕೇಳು ಎಂದು ಬುದ್ಧಿ ಹೇಳುತ್ತಾನೆ, ಹುಡುಗ ಹೋಗುವುದಿಲ್ಲ. ಬ್ಯಾಂಕಿನಲ್ಲಿ ತಾಯಿಯ ಹಣ ಇನ್ನೂ ಇರುತ್ತದೆ. ಇವೆಲ್ಲದರ ಮೇಲೆ ಆಕಾಶದಿಂದ ಬಾಂಬುಗಳು ಬೀಳುತ್ತಲೇ ಇರುತ್ತವೆ.

ಯುದ್ಧವೇ ಕೊಂದಿತು ಎಂದು ಹೇಳಿ ನಾವು ಎದ್ದುಬಿಟ್ಟರೆ ಆ ಬಂಧು, ವೈದ್ಯ, ರೈತ ಎಲ್ಲರೂ ನಿರಪರಾಧಿಗಳಾಗುತ್ತಾರೆ. ಅವರ ಜೊತೆ ನಾವೂ ಬಿಡುಗಡೆ ಹೊಂದುತ್ತೇವೆ, ಏಕೆಂದರೆ ನಾವು ಯಾರ ಮೇಲೂ ಬಾಂಬು ಹಾಕಿಲ್ಲ. ಇದಕ್ಕೆ ಪ್ರತಿಯಾಗಿ, ಹುಡುಗನ ಹಟವೇ ಕೊಂದಿತು ಎಂದರೆ ಯುದ್ಧ ಹೂಡಿದವರೂ ಬಾಂಬು ಸುರಿದವರೂ ತಪ್ಪಿಸಿಕೊಳ್ಳುತ್ತಾರೆ. ಬರೆಯುವುದು ಕೈಯೋ ಲೇಖನಿಯೋ ಎಂದು ಕೇಳಿದರೆ ಎರಡೂ ಎನ್ನಬೇಕಾಗುತ್ತದೆ. ಒಂದು ಕಾರಣ ನಿಜವಾದರೆ ಇನ್ನೊಂದು ಸುಳ್ಳಾಗಬೇಕಿಲ್ಲ. ವಾದಕ್ಕೆ ಕುಳಿತವರು ಸಾಮಾನ್ಯವಾಗಿ ಮರೆಯುವುದು ಇದನ್ನೇ. ತಮಗೆ ಹಿಡಿಸಿದ ಕಾರಣವೊಂದನ್ನು ಆರಿಸಿ, ಉಳಿದವನ್ನು ಹೊರಗೆ ತಳ್ಳುತ್ತಾರೆ.

ಇನ್ನೊಂದು ಆಕ್ಷೇಪಣೆಯನ್ನೂ ನಾವು ಕೇಳಿಸಿಕೊಳ್ಳಬೇಕು. ಈ ಚಿತ್ರ ಜಪಾನೀಯರ ಕಣ್ಣೀರನ್ನಷ್ಟೇ ತೋರಿಸುತ್ತದೆ, ಜಪಾನಿನ ಸೈನ್ಯದಿಂದ ಚೀನಾ ಮತ್ತು ಕೊರಿಯಾದ ಜನರು ಸುರಿಸಿದ ಕಣ್ಣೀರು ಇಲ್ಲಿ ಎಲ್ಲಿದೆ ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಯಿಂದ ಸೆತ್ಸುಕೊಳ ಸಾವು ಸುಳ್ಳಾಗುವುದಿಲ್ಲ. ಆದರೆ ಕಥೆಯ ಹೊರಗೆ ಉಳಿದವರನ್ನು ನೆನೆಯುವುದೂ ನೋಡುವವನ ಕರ್ತವ್ಯವೇ.

2013ರಲ್ಲಿ ಹಯಾವೊ ಮಿಯಾಜಾಕಿ ‘ದಿ ವಿಂಡ್ ರೈಸಸ್’ ಚಿತ್ರ ಮಾಡಿದಾಗ ಇದೇ ವಾದ ಮತ್ತೆ ಎದ್ದಿತು. ಜಪಾನಿನ ‘ಜೀರೋ’ ಯುದ್ಧವಿಮಾನವನ್ನು ರೂಪಿಸಿದ ಜಿರೊ ಹೊರಿಕೊಶಿ ಅದರ ನಾಯಕ. ಕೊರಿಯಾದಲ್ಲಿ ಅನೇಕರು ಇದು ಯುದ್ಧದ ವೈಭವೀಕರಣವೆಂದರು. ಅದೇ ವರ್ಷ ಸಂವಿಧಾನ ತಿದ್ದುಪಡಿಯನ್ನು ವಿರೋಧಿಸಿ ಲೇಖನ ಬರೆದದ್ದಕ್ಕೆ ಜಪಾನಿನ ರಾಷ್ಟ್ರವಾದಿಗಳು ಮಿಯಾಜಾಕಿಯವರನ್ನೇ ದೇಶದ್ರೋಹಿ ಎಂದರು. ಎರಡೂ ಕಡೆಯವರು ಹಣೆಪಟ್ಟಿ ಸಿದ್ಧಮಾಡಿಕೊಂಡಿದ್ದರು. ಆದರೆ ಸುಂದರವಾದ ವಸ್ತುವೊಂದನ್ನು ಮಾಡುವ ಆಸೆ ಕೊಲ್ಲುವವರ ಕೈಗೆ ಆಯುಧವಾದಾಗ, ಮಾಡಿದವನ ಪಾಲಿನ ಹೊಣೆ ಎಷ್ಟು? ಚಿತ್ರ ನಮ್ಮ ಮುಂದಿಡುವ ಈ ಪ್ರಶ್ನೆಗೆ ಯಾವ ಹಣೆಪಟ್ಟಿಯೂ ಉತ್ತರವಲ್ಲ.

ಇತರರ ಮಾತನ್ನು ಅರ್ಥೈಸುವ ಬಗೆಗೆ ಲೊಯೋಲಾದ ಸಂತ ಇಗ್ನೇಷಿಯಸ್ ತಮ್ಮ ‘ಆಧ್ಯಾತ್ಮಿಕ ಸಾಧನೆಗಳು’ ಗ್ರಂಥದ ಆರಂಭದಲ್ಲೇ ಒಂದು ಸೂಚನೆ ಕೊಟ್ಟಿದ್ದಾರೆ. ಇನ್ನೊಬ್ಬನ ಮಾತನ್ನು ಖಂಡಿಸುವುದಕ್ಕಿಂತ ಒಳ್ಳೆಯ ಅರ್ಥದಲ್ಲಿ ತೆಗೆದುಕೊಳ್ಳಲು ನಾವು ಹೆಚ್ಚು ಸಿದ್ಧರಿರಬೇಕು. ಹಾಗೆ ಆಗದಿದ್ದರೆ ಅವನ ಅಭಿಪ್ರಾಯವೇನೆಂದು ಕೇಳಬೇಕು. ಅವನು ತಪ್ಪಿದ್ದರೆ ಪ್ರೀತಿಯಿಂದ ತಿದ್ದಬೇಕು. ಇದು ಕಂಡದ್ದನ್ನೆಲ್ಲ ಒಪ್ಪಿಕೊಳ್ಳುವ ಮೆತ್ತನೆಯ ಗುಣವಲ್ಲ. ತಿದ್ದುವ ಮೊದಲು ಕೇಳುವ, ಕೇಳುವ ಮೊದಲು ಗೌರವಿಸುವ ಶಿಸ್ತು ಇದು.

ತಂದೆತಾಯಿಗಳೇ, 2024ರ ಸೆಪ್ಟೆಂಬರ್ ತಿಂಗಳಲ್ಲಿ ಈ ಮಿಂಚುಹುಳುಗಳ ಚಿತ್ರ ನೆಟ್‌ಫ್ಲಿಕ್ಸ್ ಮೂಲಕ ಅನೇಕ ದೇಶಗಳ ಮನೆಗಳನ್ನು ತಲುಪಿತು. ಇದು ಪುಟ್ಟ ಮಕ್ಕಳಿಗೆ ತಕ್ಕ ಚಿತ್ರವಲ್ಲ. ಆದರೆ ಬೆಳೆದ ಮಕ್ಕಳು ನೋಡುವುದಾದರೆ ಕಾರ್ಟೂನ್ ತಾನೇ ಎಂದು ಎದ್ದು ಹೋಗಬೇಡಿ, ಪಕ್ಕದಲ್ಲಿ ಕುಳಿತು ನೋಡಿ. ಮುಗಿದ ಮೇಲೆ ಇದು ಯಾವ ಪಕ್ಷದ ಚಿತ್ರ ಎಂಬುದನ್ನು ಸ್ವಲ್ಪ ಹೊತ್ತು ಬದಿಗಿಡಿ. ಆ ಮಗುವನ್ನು ಯಾರು ಯಾರು ಉಳಿಸಬಹುದಿತ್ತು ಎಂದು ಕೇಳಿ. ಮಕ್ಕಳು ಒಬ್ಬೊಬ್ಬರ ಹೆಸರನ್ನೇ ಹೇಳುತ್ತಾ ಹೋಗುತ್ತಾರೆ. ಆ ಪಟ್ಟಿಯಲ್ಲಿ ದೊರೆಗಳೂ ಸೇನಾಪತಿಗಳೂ ಇರುತ್ತಾರೆ, ಪಕ್ಕದ ಮನೆಯವರೂ ಇರುತ್ತಾರೆ. ಒಂದು ಚಿತ್ರದ ರಾಜಕೀಯವನ್ನು ಚರ್ಚಿಸಲು ಇದಕ್ಕಿಂತ ಪ್ರಾಮಾಣಿಕವಾದ ಆರಂಭ ಬೇರೆ ಇರಲಾರದು.