ಚಳಿಗಾಲ ಕಳೆದವರ ಊರು

ಹುಟ್ಟಿದ ಊರು ಬಿಟ್ಟು ಬೇರೆ ಕಡೆ ನೆಲೆಸಿದವನು ಆ ಊರಿನವನಾಗುವುದು ಯಾವಾಗ? ಸರ್ಕಾರ ವರ್ಷ ಎಣಿಸುತ್ತದೆ, ನೆರೆಯವರು ನಾಲಿಗೆ ನೋಡುತ್ತಾರೆ, ಹೋದವನಂತೂ ಸ್ವಂತ ಮನೆಯಾದರೆ ಸಾಕು ಎಂದುಕೊಂಡಿರುತ್ತಾನೆ. ಈ ಮೂರೂ ಉತ್ತರಗಳು ಅರೆಬರೆ ಎಂಬುದು ನನ್ನ ವಾದ. ಪ್ರತಿ ಊರಿಗೂ ಅದರದೇ ಆದ ಒಂದು ಕಡುಕಾಲ ಇರುತ್ತದೆ. ತಪ್ಪಿಸಿಕೊಳ್ಳಲು ದಾರಿಯಿದ್ದರೂ ಆ ಕಾಲಕ್ಕೆ ಅಲ್ಲೇ ಉಳಿದು, ಉಳಿದವರ ಜೊತೆಗೂಡಿ ಅದನ್ನು ದಾಟಿದವನೇ ಆ ಊರಿನವನು. ಈ ಮಾತು ನಿಲ್ಲುತ್ತದೋ ಇಲ್ಲವೋ ಎಂದು ನೋಡಲು ಹಿಮ ಬೀಳುವ ಉತ್ತರದ ಸೀಮೆಗಿಂತ ಒಳ್ಳೆಯ ಜಾಗವಿಲ್ಲ. ಅಲ್ಲಿಗೆ ಹೋದವರನ್ನು ಹುಡುಕಲು ಸಾಂಗಲಿಯವರು ಜಿಲ್ಲೆಯ ಗಡಿ ದಾಟಬೇಕಾಗಿಯೂ ಇಲ್ಲ.

ವಿಶ್ರಾಮಬಾಗದ ವಿಲಿಂಗ್ಡನ್ ಮತ್ತು ವಾಲಚಂದ ಕಾಲೇಜುಗಳಲ್ಲಿ ಓದಿ ದೂರ ಹೋದವರ ಕತೆ ಎಲ್ಲರಿಗೂ ಗೊತ್ತು. ಆದರೆ ಈ ಜಿಲ್ಲೆಯ ದೊಡ್ಡ ವಲಸೆ ನಡೆದದ್ದು ಕಾಲೇಜಿನ ಬಾಗಿಲಿನಿಂದಲ್ಲ, ಖಾನಾಪುರ ಮತ್ತು ಆಟಪಾಡಿ ತಾಲೂಕುಗಳ ಒಣ ಹೊಲಗಳಿಂದ. ಇದು ಬೆಳಗಾವಿಯ ಮಲೆನಾಡ ಖಾನಾಪುರವಲ್ಲ. ವಿಟಾ ಪೇಟೆಯ ಸುತ್ತಿನ, ಮಳೆ ಕೈಕೊಡುವ ಖಾನಾಪುರ. ಹೊಲ ಹೊಟ್ಟೆ ತುಂಬಿಸದಾದಾಗ ಅಲ್ಲಿಯ ಜನ ಗಲಾಯಿ ಕಸಬು ಹಿಡಿದು ದೇಶದ ತುಂಬ ಹರಡಿದರು. 1972ರ ಬರ ಆ ಹಾದಿಯನ್ನು ಇನ್ನಷ್ಟು ಅಗಲ ಮಾಡಿತು. ಗಲಾಯಿಯವರು ಹಳೆಯ ಆಭರಣವನ್ನು ಮೂಸೆಯಲ್ಲಿಟ್ಟು ಕರಗಿಸುತ್ತಾರೆ, ಬೇಕಾದಷ್ಟು ಬೆಳ್ಳಿ ಕೂಡಿಸಿ ನೈಟ್ರಿಕ್ ಆಮ್ಲದಲ್ಲಿ ಕುದಿಸುತ್ತಾರೆ. ಬೆಳ್ಳಿ, ತಾಮ್ರ ಆಮ್ಲದಲ್ಲಿ ಕರಗಿಹೋಗಿ, ತಳದಲ್ಲಿ ಕಂದು ಪುಡಿಯಾಗಿ ಚೊಕ್ಕ ಬಂಗಾರ ಉಳಿಯುತ್ತದೆ. ಅಕ್ಕಸಾಲಿಗನ ಅಂಗಡಿಯ ಕಸವನ್ನೂ ಕೊಂಡು, ಸುಟ್ಟು, ತೊಳೆದು, ಅದರೊಳಗಿನ ಬಂಗಾರದ ಕಣವನ್ನು ಹೆಕ್ಕುವ ಜನ ಇವರು. ಒಡವೆ ಪೇಟೆ ಇರುವ ಊರೆಲ್ಲ ಇವರಿಗೆ ಅನ್ನ ಕೊಡಬಲ್ಲದು. ಹಾಗಾಗಿ ಈ ಕಸಬು ಹಿಡಿದ ಮರಾಠಿ ಕುಟುಂಬಗಳು ಶ್ರೀನಗರದಲ್ಲೂ ಇವೆ. ಲಾಲ್ ಚೌಕದ ಭಾಗದಲ್ಲಿ ಅವರು ಗಣಪತಿ ಕೂಡಿಸುತ್ತಾರೆ, ಪುಣೆಯ ಮಂಡಳಗಳು ಅವರಿಗೆ ಮೂರ್ತಿ ಕಳಿಸಿಕೊಟ್ಟದ್ದೂ ಉಂಟು.

ಗಣಪತಿ ಬರುವುದು ಭಾದ್ರಪದದಲ್ಲಿ, ಕಣಿವೆ ಇನ್ನೂ ಹಸಿರಾಗಿರುವಾಗ. ಹಬ್ಬದ ಸುದ್ದಿ ಪತ್ರಿಕೆಗೆ ಬರುತ್ತದೆ. ಪರೀಕ್ಷೆಯ ದಿನಗಳು ಆಮೇಲೆ ಬರುತ್ತವೆ. ಡಿಸೆಂಬರ್ 21ರಿಂದ ನಲವತ್ತು ದಿನಗಳ ಕಡುಚಳಿಯನ್ನು ಕಾಶ್ಮೀರಿಗಳು ಚಿಲ್ಲಾಯಿ ಕಲಾನ್ ಎನ್ನುತ್ತಾರೆ. ಅದರ ಬೆನ್ನಿಗೆ ಇಪ್ಪತ್ತು ದಿನದ, ಹತ್ತು ದಿನದ ಎರಡು ಕಿರಿಯ ಚಳಿಗಳೂ ಬರುತ್ತವೆ. 2021ರ ಜನವರಿಯಲ್ಲಿ ಶ್ರೀನಗರದ ರಾತ್ರಿ ಸೊನ್ನೆಗಿಂತ 8 ಡಿಗ್ರಿಗೂ ಕೆಳಗಿಳಿದು, ದಾಲ್ ಸರೋವರದ ನೀರು ಹೆಪ್ಪುಗಟ್ಟಿತ್ತು. ನಲ್ಲಿಯ ಕೊಳವೆಯೊಳಗೆ ನೀರು ಗಡ್ಡೆಯಾಗುತ್ತದೆ. ನದಿಗಳು ಸೊರಗಿ ಜಲವಿದ್ಯುತ್ತು ಕಡಿಮೆಯಾಗುವುದೂ, ವಿದ್ಯುತ್ತು ಹೆಚ್ಚು ಬೇಕಾಗುವುದೂ ಒಂದೇ ತಿಂಗಳಲ್ಲಿ. ಈ ಕಾಲಕ್ಕೆ ಜನ ತಯಾರಾಗುವುದು ಚಳಿ ಬಂದ ಮೇಲಲ್ಲ. ಬೇಸಿಗೆ ಮುಗಿಯುವ ಹೊತ್ತಿಗೇ ಬದನೆ, ಸೋರೆ, ಟೊಮೆಟೊ ಸೀಳಿ ದಾರಕ್ಕೆ ಪೋಣಿಸಿ ಬಿಸಿಲಿಗೆ ತೂಗುಹಾಕುತ್ತಾರೆ. ಶರತ್ಕಾಲದಲ್ಲಿ ಚಿನಾರ್ ಎಲೆ ಉದುರಿದಾಗ ಗುಡಿಸಿ ಗುಡ್ಡೆ ಹಾಕಿ ಬೆಂಕಿ ಇಡುತ್ತಾರೆ. ಪೂರ್ತಿ ಬೂದಿಯಾಗುವ ಮೊದಲೇ ನೀರು ಚಿಮುಕಿಸಿ ಆರಿಸಿದರೆ ಉಳಿಯುವ ಇದ್ದಿಲು ಚಳಿಗಾಲದ ಕಾಂಗಡಿಗೆ ಆಗುತ್ತದೆ. ಬೆತ್ತ ಹೆಣೆದ ಆ ಮಣ್ಣಿನ ಅಗ್ಗಿಷ್ಟಿಕೆಯನ್ನು ಫಿರನ್ ಎಂಬ ನಿಲುವಂಗಿಯೊಳಗೆ ಹಿಡಿದು ಓಡಾಡುವುದು ನೋಡುವವರಿಗೆ ಚಂದ, ಹೊಸಬನಿಗೆ ಅಪಾಯ. ಕೆಂಡ ಎಷ್ಟಿರಬೇಕು, ಬೂದಿ ಎಷ್ಟು ಮುಚ್ಚಿರಬೇಕು, ಮಲಗುವಾಗ ಎಲ್ಲಿಡಬೇಕು ಎಂಬುದನ್ನು ಯಾರಾದರೂ ಕಲಿಸಿಕೊಡಲೇಬೇಕು.

ನನ್ನ ವಾದದ ಗಟ್ಟಿ ನೆಲ ಇದೇ. ಸುಖದ ಋತುವಿನಲ್ಲಿ ಹಣವಿದ್ದರೆ ಎಲ್ಲಿಯಾದರೂ ಬದುಕಬಹುದು. ಕೊಡುವವನು ಕೊಡುತ್ತಾನೆ, ಕೊಳ್ಳುವವನು ಕೊಳ್ಳುತ್ತಾನೆ, ಇಬ್ಬರಿಗೂ ಹೆಸರು ಕೇಳುವ ಅಗತ್ಯವಿಲ್ಲ. ಕಡುಕಾಲದಲ್ಲಿ ಹಣದ ಕೈ ಗಿಡ್ಡವಾಗುತ್ತದೆ. ಹಿಮ ಬಿದ್ದು ಹೆದ್ದಾರಿ ಮುಚ್ಚಿದ ದಿನ ಬೇಕಾಗುವುದು ಪಕ್ಕದ ಮನೆಯವರು ಒಣಗಿಸಿಟ್ಟ ತರಕಾರಿ, ಮೇಲಿನ ಮನೆಯವರ ಬಿಸಿನೀರು, ಕೊಳವೆ ಒಡೆಯದ ಹಾಗೆ ಏನು ಮಾಡಬೇಕೆಂದು ತಿಳಿದ ಹಿರಿಯರ ಮಾತು. ವಿಟಾದಿಂದ ಹೋದ ಇಬ್ಬರು ಗಲಾಯಿಯವರನ್ನು ಊಹಿಸಿಕೊಳ್ಳಿ. ಒಬ್ಬ ದೀಪಾವಳಿಗೆ ಊರಿಗೆ ಬಂದು ಯುಗಾದಿ ಮುಗಿಸಿಯೇ ಹಿಂದಿರುಗುತ್ತಾನೆ, ಇನ್ನೊಬ್ಬ ಅಲ್ಲೇ ಉಳಿಯುತ್ತಾನೆ. ಹದಿನೈದು ವರ್ಷದ ನಂತರ ಇಬ್ಬರ ಅಂಗಡಿಯೂ ಒಂದೇ ಬೀದಿಯಲ್ಲಿದ್ದು, ಇಬ್ಬರೂ ಕಾಶ್ಮೀರಿ ಮಾತಾಡಿದರೂ ಆ ಬೀದಿ ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. ತೂಗಬಾರದು ಕೂಡ. ಜಮ್ಮು ಮತ್ತು ಕಾಶ್ಮೀರದಲ್ಲಿ 2020ರಲ್ಲಿ ಬಂದ ನಿಯಮ ಹದಿನೈದು ವರ್ಷದ ವಾಸವನ್ನು ನಿವಾಸಿ ಪ್ರಮಾಣಪತ್ರಕ್ಕೆ ಒಂದು ಆಧಾರವಾಗಿ ಹಿಡಿಯಿತು. ಕಾನೂನಿಗೆ ಒಂದು ಅಳತೆ ಬೇಕು, ಒಪ್ಪೋಣ. ಆದರೆ ಅದು ದಿನಗಳನ್ನು ಎಣಿಸಬಲ್ಲದು, ಅವುಗಳ ಭಾರವನ್ನಲ್ಲ.

ಆಳುವವರೂ ಇದೇ ಪರೀಕ್ಷೆಗೆ ಒಳಪಡಬೇಕು. ಮಹಾರಾಜ ರಣಬೀರ ಸಿಂಗರು 1872ರಲ್ಲಿ ಶುರು ಮಾಡಿದ ಪದ್ಧತಿಯಂತೆ ಚಳಿ ಬೀಳುವ ಮೊದಲು ಇಡೀ ದರ್ಬಾರು ಶ್ರೀನಗರದಿಂದ ಜಮ್ಮುವಿಗೆ ಇಳಿಯುತ್ತಿತ್ತು. ರಾಜರು ಹೋದ ಮೇಲೂ ಸಚಿವಾಲಯದ ಕಡತಗಳು ಲಾರಿ ಹತ್ತಿ ಹಾಗೆಯೇ ಇಳಿದವು. 2021ರಲ್ಲಿ ಒಮ್ಮೆ ನಿಲ್ಲುವವರೆಗೂ ಇದು ನಡೆಯಿತು. ಅದರಿಂದ ಜಮ್ಮುವಿನ ವ್ಯಾಪಾರಿಗೆ ಲಾಭವಿತ್ತು, ಎರಡು ಪ್ರಾಂತಗಳ ಜನ ಕಲೆಯುತ್ತಿದ್ದರು ಎಂಬ ಸಮರ್ಥನೆ ಸುಳ್ಳಲ್ಲ. ಆದರೂ ಪ್ರಜೆಗೆ ಸರ್ಕಾರ ಅತಿ ಹೆಚ್ಚು ಬೇಕಾದ ತಿಂಗಳುಗಳಲ್ಲೇ ಅದು ಊರು ಬಿಡುತ್ತಿತ್ತು ಎಂಬ ಸಂಗತಿ ನನ್ನನ್ನು ಕಾಡುತ್ತದೆ.

ಹಾಗಾದರೆ ಬಕರವಾಲರು ಯಾವ ಊರಿನವರೂ ಅಲ್ಲವೇ, ಅವರೂ ಹಿಮಕ್ಕೆ ಮೊದಲು ಕುರಿ ಮೇಕೆ ಹೊಡೆದುಕೊಂಡು ಕಣಿವೆ ಇಳಿಯುತ್ತಾರಲ್ಲ ಎಂದು ಕೇಳಬಹುದು. ಇದು ಬಲವಾದ ಆಕ್ಷೇಪ. ಆದರೆ ಅವರ ನೆಲೆ ಮೇಲಿನ ಹುಲ್ಲುಗಾವಲೂ ಅಲ್ಲ, ಕೆಳಗಿನ ಬಯಲೂ ಅಲ್ಲ, ಎರಡರ ನಡುವಿನ ದಾರಿ. ಆ ದಾರಿಯ ಕಡುಕಾಲ ಕಣಿವೆಗಳನ್ನು ದಾಟುವ ದಿನಗಳು, ಅದನ್ನು ಅವರು ತಪ್ಪಿಸಿಕೊಳ್ಳುವುದಿಲ್ಲ. ಮುದುಕರು, ಎಳೆಗೂಸುಗಳು, ಮರಿಗಳು ಎಲ್ಲರನ್ನೂ ಕೂಡಿಕೊಂಡು ದಾಟುತ್ತಾರೆ. ದರ್ಬಾರು ಜನರನ್ನು ಹಿಂದೆ ಬಿಟ್ಟು ಹೋಗುತ್ತಿತ್ತು, ಇವರು ಯಾರನ್ನೂ ಬಿಡುವುದಿಲ್ಲ. ಇನ್ನೊಂದು ಆಕ್ಷೇಪ ಹೆಚ್ಚು ಗಂಭೀರ: ಕಷ್ಟ ಸಹಿಸಿದವನೇ ಊರಿನವನಾದರೆ, ಬಲದಿಂದ ಬಂದವನೂ ನಾನು ಚಳಿ ತಡೆದೆ, ಈ ನೆಲ ನನ್ನದು ಎನ್ನಬಹುದಲ್ಲ? ಚಳಿ ತಡೆಯುವುದೊಂದೇ ಸಾಲದು, ಅದನ್ನು ಹಂಚಿಕೊಳ್ಳಬೇಕು ಎಂಬುದೇ ನನ್ನ ಉತ್ತರ. ಕುಂದಗೋಳ ತಾಲೂಕಿನ ಬೆಟದೂರಿನ ಯೋಧ ಹನುಮಂತಪ್ಪ ಕೊಪ್ಪದ 2016ರ ಫೆಬ್ರುವರಿಯಲ್ಲಿ ಸಿಯಾಚಿನ್ ಹಿಮದಡಿ ಆರು ದಿನ ಹೂತುಹೋಗಿ ಜೀವಂತ ಸಿಕ್ಕಿ, ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಅದಕ್ಕಿಂತ ಕಟುವಾದ ಚಳಿಯನ್ನು ಕನ್ನಡಿಗರು ಯಾರೂ ಕಂಡಿರಲಾರರು. ಆದರೆ ಅಲ್ಲಿ ಊರಿಲ್ಲ, ನೆರೆಯವರಿಲ್ಲ. ಅನ್ನ, ಸೀಮೆಎಣ್ಣೆ ಎಲ್ಲವೂ ಕೆಳಗಿನಿಂದ ಬರುವಂಥದ್ದು. ಅವರ ತ್ಯಾಗ ದೊಡ್ಡದು, ಅದು ಕರ್ತವ್ಯಕ್ಕೆ ಸೇರಿದ್ದು. ಊರಿನವರಾಗುವುದು ಒಂದೇ ಕಣಜದಿಂದ ಉಂಡವರ ನಡುವೆ ಹುಟ್ಟುವ ಸಂಬಂಧ. ಅದರಿಂದ ಜಮೀನಿನ ಹಕ್ಕಾಗಲಿ ಮತದ ಹಕ್ಕಾಗಲಿ ಬರುತ್ತದೆಂದು ನಾನು ಹೇಳುತ್ತಿಲ್ಲ. ತಮ್ಮ ನೆಲ ಕೈತಪ್ಪೀತೆಂಬ ಸ್ಥಳೀಯರ ಭಯವನ್ನು ಯಾವ ಪ್ರಬಂಧವೂ ತಳ್ಳಿಹಾಕಬಾರದು.

ಈ ಅಳತೆ ತಿರುಗಿ ನಮ್ಮ ಮೇಲೂ ಬೀಳುತ್ತದೆ. ಹಿಮದ ನಾಡಿನಿಂದ ಬಂದ ಟಿಬೆಟನ್ನರಿಗೆ 1960ರ ದಶಕದಲ್ಲಿ ಬೈಲಕುಪ್ಪೆಯಲ್ಲೂ ಮುಂಡಗೋಡದಲ್ಲೂ ಕರ್ನಾಟಕ ಜಾಗ ಕೊಟ್ಟಿತು. ಅವರ ಪಾಲಿಗೆ ಕಡುಕಾಲ ನಮ್ಮ ಏಪ್ರಿಲ್ ಮತ್ತು ಮಳೆಗಾಲ. ಕಾಡು ಕಡಿದು, ಜ್ವರ ತಡೆದು, ಮೆಕ್ಕೆಜೋಳ ಬಿತ್ತಿ ಅವರು ಅದನ್ನು ದಾಟಿದರು. ಆದರೂ ನಮ್ಮ ಪೇಟೆಗಳಲ್ಲಿ ಅವರನ್ನು ಗುರುತಿಸುವುದು ಚಳಿಗಾಲದ ಸ್ವೆಟರ್ ಮಾರುವವರೆಂದು ಮಾತ್ರ. ಸಾಂಗಲಿಯ ಕಡುಕಾಲ ಕೃಷ್ಣೆಯದು. 2019ರ ಆಗಸ್ಟಿನಲ್ಲಿ ಆಯರ್ವಿನ್ ಸೇತುವೆಯ ಬಳಿ ನೀರಿನ ಮಟ್ಟ 57 ಅಡಿ ಮುಟ್ಟಿದಾಗ ಹೊರಗಿನಿಂದ ಬಂದು ಇಲ್ಲಿ ದುಡಿಯುವವರೂ ಹುಟ್ಟೂರಿನವರ ಜೊತೆ ಅದೇ ಕೆಸರು ಬಳಿದರು. ಅವರನ್ನು ಇನ್ನೂ ಹೊರಗಿನವರೆನ್ನುವುದಾದರೆ ಕೊರತೆ ಅವರಲ್ಲಿಲ್ಲ.

ಸುರಂಗ, ರೈಲು, ಹೀಟರು ಬಂದ ಮೇಲೆ ಕಡುಕಾಲವೇ ಕರಗುತ್ತಿದೆಯಲ್ಲ ಎನ್ನುವವರಿದ್ದಾರೆ. 2025ರ ಜೂನ್‌ನಲ್ಲಿ ಚಿನಾಬ್ ಸೇತುವೆಯ ಮೇಲೆ ಶ್ರೀನಗರಕ್ಕೆ ರೈಲು ಓಡಿತು, ಸಂತೋಷ. ಆದರೆ ಚಳಿಗೆ ಎಲ್ಲ ಉಪಾಯಗಳೂ ಇರುವ ಕೆನಡಾ ಕಲಿತ ಪಾಠ ಬೇರೆಯೇ. ಅಲ್ಲಿಯ ಸರ್ಕಾರ 2019ರಲ್ಲಿ ಟಿಮಿನ್ಸ್, ಥಂಡರ್ ಬೇ, ಸಡ್ಬರಿಯಂಥ ಹನ್ನೊಂದು ಕಡೆಗಳನ್ನು ಆರಿಸಿ ವಲಸಿಗರಿಗೆ ಅಲ್ಲಿ ನೆಲೆಸಲು ಯೋಜನೆ ಮಾಡಿತು. ಅಲ್ಲೇ ಉಳಿಯುವ ಮನಸ್ಸಿದೆ ಎಂದು ಅರ್ಜಿಯಲ್ಲಿ ಹೇಳಿಸಿಕೊಂಡಿತು. ಒಮ್ಮೆ ಕಾಯಂ ನಿವಾಸಿಯಾದವನು ದೇಶದಲ್ಲಿ ಎಲ್ಲಿ ಬೇಕಾದರೂ ಇರಬಹುದೆಂದು ಅದೇ ದೇಶದ ಸಂವಿಧಾನ ಹೇಳುತ್ತದೆ, ಹಾಗಾಗಿ ಯಾರನ್ನೂ ಕಟ್ಟಿಹಾಕುವಂತಿಲ್ಲ. ಸೊನ್ನೆಗಿಂತ 30 ಡಿಗ್ರಿ ಕೆಳಗಿಳಿಯಬಲ್ಲ ಟಿಮಿನ್ಸಿನ ರಾತ್ರಿಯಲ್ಲಿ ಮನೆಯೊಳಗೆ ಬೆಚ್ಚಗಿದ್ದೂ ಯಾರ ಬಾಗಿಲನ್ನೂ ತಟ್ಟಲು ಗೊತ್ತಿಲ್ಲದ ಹೊಸ ಕುಟುಂಬ ವಸಂತಕ್ಕೆ ಟೊರಾಂಟೋ ದಾರಿ ಹಿಡಿದರೆ ತಪ್ಪೆನ್ನಲಾಗದು. ಅಂಥ ಊರುಗಳು ಹೊಸಬರಿಗೆ ಬರೀ ಕೆಲಸ ತೋರಿಸಿದರೆ ಸಾಲದು. ಮೊದಲ ಡಿಸೆಂಬರಿಗೆ ಮುಂಚೆಯೇ ಒಂದು ನೆರೆಮನೆಯ ಪರಿಚಯ ಮಾಡಿಸಬೇಕು. ಹೋಗುವವರು ಕೋಟಿನ ಬೆಲೆಯ ಜೊತೆಗೆ ಅದನ್ನೂ ವಿಚಾರಿಸಿಕೊಂಡು ಹೊರಡಬೇಕು.