ಅರಿಯದ ಕೂಸಿಗೆ ದೀಕ್ಷೆ ಏತಕ್ಕೆ?

ಮಂಗಳೂರಿನಿಂದ ಮೂಡುಬಿದಿರೆ, ಕಾರ್ಕಳಗಳ ಕಡೆಗೆ ಸಾಗುವ ಹೆದ್ದಾರಿಯಲ್ಲಿ ಕುಲಶೇಖರವೆಂಬ ಸ್ಥಳವಿದೆ. ಅಲ್ಲಿನ ಪವಿತ್ರ ಶಿಲುಬೆಯ ದೇವಾಲಯವನ್ನು ಜನರು ಕೊರ್ಡೆಲ್ ಚರ್ಚು ಎಂದು ಕರೆಯುತ್ತಾರೆ. ಅಲೆಕ್ಸಾಂಡರ್ ದುಬೊಯ್ಸ್ ಎಂಬ ಪಾದ್ರಿಗಳು 1873ರಲ್ಲಿ ಅದನ್ನು ಸ್ಥಾಪಿಸಿದರು. ಆ ಸೀಮೆಯ ಕ್ಯಾಥೊಲಿಕ್ ಮನೆತನಗಳಲ್ಲಿ ಮಗು ಹುಟ್ಟಿದರೆ, ಅದನ್ನು ದೇವಾಲಯಕ್ಕೆ ಎತ್ತಿಕೊಂಡು ಹೋಗಿ ಕ್ರೈಸ್ತ ಧರ್ಮದ ಮೊದಲ ಸಂಸ್ಕಾರವನ್ನು ಕೊಡಿಸುತ್ತಾರೆ. ಕನ್ನಡ ಬೈಬಲಿನಲ್ಲಿ ಈ ಸಂಸ್ಕಾರಕ್ಕೆ ‘ದೀಕ್ಷಾಸ್ನಾನ’ ಎಂಬ ಹೆಸರು ಬಳಕೆಯಾಗಿದೆ. ದೀಕ್ಷೆಯೆಂಬ ಮಾತು ನಮ್ಮ ಕಿವಿಗೆ ಹೊಸದಲ್ಲ. ಆದುದರಿಂದಲೇ ಈ ಸಂಸ್ಕಾರದ ಮರ್ಮವನ್ನು ನಾವು ಹೊರಗಿನವರಂತೆ ನೋಡಿ ಸುಮ್ಮನಾಗುವಂತಿಲ್ಲ.

ಮೊದಲು ವಿಧಿಯನ್ನು ನೋಡೋಣ. ಪಾದ್ರಿಗಳು ಮಗುವಿನ ಹಣೆಯ ಮೇಲೆ ಶಿಲುಬೆಯ ಗುರುತು ಮಾಡುತ್ತಾರೆ. ತಾಯಿತಂದೆಯರೂ, ಅವರೊಡನೆ ನಿಂತ ಧರ್ಮಪಿತ, ಧರ್ಮಮಾತೆಯರೂ ಪಾಪವನ್ನು ತ್ಯಜಿಸುತ್ತೇವೆಂದೂ ದೇವರಲ್ಲಿ ವಿಶ್ವಾಸವಿಡುತ್ತೇವೆಂದೂ ಸಭೆಯ ಮುಂದೆ ನುಡಿಯಬೇಕು. ಆಮೇಲೆ ತಂದೆ, ಮಗ, ಪವಿತ್ರಾತ್ಮರ ಹೆಸರಿನಲ್ಲಿ ಮಗುವಿನ ತಲೆಯ ಮೇಲೆ ಮೂರು ಸಲ ನೀರನ್ನು ಎರೆಯುತ್ತಾರೆ. ನೆತ್ತಿಗೆ ಪವಿತ್ರ ತೈಲವನ್ನು ಲೇಪಿಸಿ, ಬಿಳಿಯ ವಸ್ತ್ರವನ್ನು ಹೊದಿಸಿ, ಹೊತ್ತಿಸಿದ ಮೇಣದ ಬತ್ತಿಯೊಂದನ್ನು ಹಿರಿಯರ ಕೈಗೆ ಕೊಡುತ್ತಾರೆ. ಇಲ್ಲಿ ನೀರು ಮೈ ತೊಳೆಯುವ ನೀರಲ್ಲ. ಮುಳುಗುವುದು ಸಾವಿನ ಸಂಕೇತ, ಏಳುವುದು ಹೊಸ ಹುಟ್ಟಿನ ಸಂಕೇತ. ಏಸುವಿನ ಮರಣದಲ್ಲಿಯೂ ಪುನರುತ್ಥಾನದಲ್ಲಿಯೂ ದೀಕ್ಷಿತನು ಪಾಲುಗಾರನಾಗುತ್ತಾನೆ. ಆದಿಪಾಪದಿಂದ ಬಿಡುಗಡೆ ಹೊಂದುತ್ತಾನೆ. ಈ ಸಂಸ್ಕಾರ ಜೀವಮಾನದಲ್ಲಿ ಒಂದೇ ಸಲ, ಅದಕ್ಕೆ ಪುನರಾವೃತ್ತಿಯಿಲ್ಲ ಎಂಬುದು ಅವರ ಸಿದ್ಧಾಂತ.

ಈಗ ಪ್ರಶ್ನೆ ಏಳುತ್ತದೆ. ಸತ್ತು ಹುಟ್ಟುವುದೆಂದರೆ ಬಾಳಿನ ಅತ್ಯಂತ ದೊಡ್ಡ ಸಂಕಲ್ಪ. ಆದರೆ ತೊಟ್ಟಿಲ ಕೂಸು ಏನನ್ನು ಸಂಕಲ್ಪಿಸಿತು? ಅದು ಒಪ್ಪಿತೇ? ಅರಿವಿಲ್ಲದವನಿಗೆ ಕೊಟ್ಟ ದೀಕ್ಷೆ ದೀಕ್ಷೆಯೇ ಅಥವಾ ಹಿರಿಯರ ಹಟವೇ?

ಈ ಸಂಶಯ ಇಂದಿನದಲ್ಲ. ಜೋರ್ಡಾನ್ ನದಿಯಲ್ಲಿ ಯೋಹಾನನಿಂದ ಸ್ನಾನ ಹೊಂದಿದಾಗ ಏಸು ಪ್ರಾಯಪ್ರಬುದ್ಧನಾಗಿದ್ದನು. ಕ್ರಿಸ್ತಶಕ 200ರ ಸುಮಾರಿಗೆ ಟೆರ್ಟುಲಿಯನ್ ಎಂಬ ಪಂಡಿತನು, ಮಕ್ಕಳು ಅರಿವು ಬರುವವರೆಗೆ ಕಾಯುವುದೇ ಮೇಲೆಂದು ವಾದಿಸಿದನು. ರೋಮಿನ ಚಕ್ರವರ್ತಿ ಕಾನ್‌ಸ್ಟಂಟೈನನು ಈ ದೀಕ್ಷೆಯನ್ನು ಹೊಂದಿದುದು 337ರಲ್ಲಿ, ಮರಣಶಯ್ಯೆಯ ಮೇಲೆ. ಸಂತ ಅಗಸ್ಟೀನನ ತಾಯಿ ಪರಮ ಭಕ್ತೆ. ಆದರೂ ಆತನು ದೀಕ್ಷೆ ಪಡೆದುದು 387ರಲ್ಲಿ, ಮೂವತ್ತೆರಡರ ಪ್ರಾಯದಲ್ಲಿ. ಮುಂದೆ ಶಿಶುದೀಕ್ಷೆಯೇ ವಾಡಿಕೆಯಾಯಿತು. 1525ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದಲ್ಲಿ ಕೆಲವರು, ಶೈಶವದಲ್ಲಿ ಆದುದು ದೀಕ್ಷೆಯೇ ಅಲ್ಲವೆಂದು ಸಾರಿ, ಅರಿತು ಮತ್ತೆ ದೀಕ್ಷೆ ಪಡೆದರು. ಅವರಲ್ಲೊಬ್ಬನಾದ ಫೆಲಿಕ್ಸ್ ಮಾಂಜನನ್ನು 1527ರಲ್ಲಿ ಅದೇ ನಗರದ ಅಧಿಕಾರಿಗಳು ನದಿಯಲ್ಲಿ ಮುಳುಗಿಸಿ ಕೊಂದರು. ಹೊಸ ಹುಟ್ಟನ್ನು ಸೂಚಿಸಬೇಕಾದ ನೀರು ಕೊಲೆಯ ಸಾಧನವಾಯಿತು. ಸಂಸ್ಕಾರವು ಅಧಿಕಾರದ ಕೈಗೆ ಸಿಕ್ಕರೆ ಏನಾಗುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಶಿಶುದೀಕ್ಷೆಯನ್ನು ಸಮರ್ಥಿಸುವವರ ಮಾತನ್ನೂ ಕೇಳಬೇಕು. ಮಗುವಿಗೆ ಹಾಲು ಕೊಡುವಾಗ, ಹೆಸರಿಡುವಾಗ, ಮಾತೃಭಾಷೆಯನ್ನು ಕಲಿಸುವಾಗ ಯಾರು ಅದರ ಅಪ್ಪಣೆ ಕೇಳುತ್ತಾರೆ? ದೇವರ ಕೃಪೆಯೂ ಹಾಗೆಯೇ, ಅರ್ಹತೆಯನ್ನು ನೋಡದೆ ಬರುವ ಕೊಡುಗೆ ಎಂದು ಅವರು ಹೇಳುತ್ತಾರೆ. ಮಾತು ಅರ್ಧ ನಿಜ. ಹಾಲೂ ಹೆಸರೂ ನಂಬಿಕೆಯನ್ನು ಬೇಡುವುದಿಲ್ಲ, ದೀಕ್ಷೆ ಬೇಡುತ್ತದೆ. ಕೊಡುಗೆಯನ್ನು ಕೊಡುವವನ ಪ್ರೀತಿ ಎಷ್ಟೇ ದೊಡ್ಡದಿರಲಿ, ಅದನ್ನು ಸ್ವೀಕರಿಸುವುದು ಕೊಳ್ಳುವವನ ಕೆಲಸ. ಆದ್ದರಿಂದ ಉಳಿದ ಅರ್ಧಕ್ಕೆ ಉತ್ತರವನ್ನು ಬೇರೆಡೆ ಹುಡುಕಬೇಕು.

ಆ ಉತ್ತರ ವಿಧಿಯೊಳಗೇ ಇದೆ. ಪಾಪವನ್ನು ತ್ಯಜಿಸುತ್ತೇವೆಂದು ನುಡಿದವರು ಯಾರು? ಕೂಸಲ್ಲ, ಹಿರಿಯರು. ದೀಪ ಯಾರ ಕೈಯಲ್ಲಿದೆ? ಹಿರಿಯರ ಕೈಯಲ್ಲಿ. ಹಾಗಾದರೆ ಆ ದಿನ ವ್ರತಕ್ಕೆ ಬದ್ಧರಾದವರು ಹಿರಿಯರೇ ಹೊರತು ಮಗುವಲ್ಲ. 1983ರ ಕ್ಯಾಥೊಲಿಕ್ ಧರ್ಮಸಂಹಿತೆಯು, ಮಗುವನ್ನು ಆ ಧರ್ಮದಲ್ಲಿ ಬೆಳೆಸುವರೆಂಬ ಭರವಸೆ ಸ್ವಲ್ಪವೂ ಇಲ್ಲದಿದ್ದರೆ ದೀಕ್ಷೆಯನ್ನು ಮುಂದೂಡಬೇಕೆಂದು ವಿಧಿಸುತ್ತದೆ. ಅರಿವು ಬಂದ ಮೇಲೆ ದೃಢೀಕರಣವೆಂಬ ಇನ್ನೊಂದು ಸಂಸ್ಕಾರವಿದೆ. ನೀರು ಬಿದ್ದೊಡನೆ ಹೊಣೆ ಮುಗಿಯಿತೆಂದು ಅವರ ಶಾಸ್ತ್ರವೂ ಹೇಳುವುದಿಲ್ಲ. ದೀಕ್ಷೆ ಹೊಂದದೆ ತೀರಿಹೋದ ಶಿಶುಗಳ ಗತಿಯೇನೆಂದು ಶತಮಾನಗಳ ಕಾಲ ತಾಯಂದಿರು ತಲ್ಲಣಿಸಿದ್ದರು. ಆ ಮಕ್ಕಳಿಗೂ ಮುಕ್ತಿಯುಂಟೆಂದು ಆಶಿಸಲು ಆಧಾರಗಳಿವೆಯೆಂದು ರೋಮಿನ ಧರ್ಮಪಂಡಿತರ ಮಂಡಲಿಯೊಂದು 2007ರಲ್ಲಿ ಪ್ರಕಟಿಸಿತು. ದೇವರ ಕರುಣೆಯನ್ನು ನೀರಿನ ಬಿಂದುವಿಗೆ ಕಟ್ಟಿಹಾಕಲಾಗದೆಂಬ ವಿವೇಕ ಇದರಲ್ಲಿದೆ.

ನಮ್ಮ ನಾಡಿನ ಎರಡು ಬಾಳುಗಳನ್ನು ನೆನೆಯಿರಿ. 1844ರಲ್ಲಿ ಮಂಗಳೂರಿನಲ್ಲಿ ಸಾರಸ್ವತ ಮನೆತನದ ತರುಣ ಆನಂದರಾವ್ ಕೌಂಡಿನ್ಯರು ಬಾಸೆಲ್ ಮಿಷನ್ನಿನ ಮೋಗ್ಲಿಂಗರಿಂದ ದೀಕ್ಷಾಸ್ನಾನ ಪಡೆದರು. ಊರಿಗೆ ಊರೇ ಕದಡಿತು. ಕೂಸಿಗೆ ಅದು ಮನೆಯನ್ನು ಹೊಗುವ ಬಾಗಿಲು. ಪ್ರಾಯದವನಿಗೆ ಮನೆಯನ್ನು ಬಿಡುವ ಬಾಗಿಲು. ಅವರು ಮುಂದೆ ಕೊಡಗಿನಲ್ಲಿ, ಸಮಾಜವು ಮುಟ್ಟದ ಹೊಲೆಯರೊಂದಿಗೆ ಆನಂದಪುರವೆಂಬ ನೆಲೆಯನ್ನು ಕಟ್ಟಿದರು. ಇನ್ನೊಬ್ಬರು ಪಂಡಿತಾ ರಮಾಬಾಯಿ. ಇವರ ತಂದೆ ಅನಂತಶಾಸ್ತ್ರಿಗಳು ಕಾರ್ಕಳದ ಕಡೆಯ ಮಾಳದವರು. ಹೆಂಡತಿಗೆ ಸಂಸ್ಕೃತ ಕಲಿಸಿದುದಕ್ಕಾಗಿ ವಿರೋಧವನ್ನು ಎದುರಿಸಿದವರು. ರಮಾಬಾಯಿಯವರು 1883ರ ಸೆಪ್ಟೆಂಬರ್ 29ರಂದು ಇಂಗ್ಲೆಂಡಿನ ವಾಂಟೇಜಿನಲ್ಲಿ ದೀಕ್ಷೆ ಪಡೆದರು. ಆದರೂ ಬುದ್ಧಿಯನ್ನು ಯಾರ ಪಾದದಲ್ಲಿಯೂ ಒತ್ತೆಯಿಡಲಿಲ್ಲ; ಒಪ್ಪಿಗೆಯಾಗದ ಸಿದ್ಧಾಂತಗಳ ಬಗ್ಗೆ ತಮ್ಮ ಗುರುಗಳೊಡನೆಯೇ ವಾದಿಸಿದರು. ಅದೇ ದಿನ ಅವರ ಎರಡು ವರ್ಷದ ಮಗಳು ಮನೋರಮೆಗೂ ದೀಕ್ಷೆಯಾಯಿತು. ತಾಯಿ ಅರಿತು ಪಡೆದಳು. ಮಗಳು ಅರಿಯದೆ ಪಡೆದಳು. ಆದರೆ ಬೆಳೆದ ಮೇಲೆ ಆ ಮಗಳು ಅನಾಥ ಸ್ತ್ರೀಯರ, ವಿಧವೆಯರ ಸೇವೆಯಲ್ಲಿ ತಾಯಿಗೆ ಬಲಗೈಯಾಗಿ ದುಡಿದು, 1921ರಲ್ಲಿ ತಾಯಿಗಿಂತ ಮೊದಲೇ ತೀರಿಕೊಂಡಳು. ಇಬ್ಬರಲ್ಲಿ ಯಾರ ದೀಕ್ಷೆ ನಿಜವಾದುದೆಂದು ಯಾರು ತೂಗಬಲ್ಲರು? ಮಗಳಿಗೆ ದೊರೆತುದು ಸ್ನಾನ ಮಾತ್ರವಲ್ಲ. ದೀಕ್ಷೆಯನ್ನು ಬಾಳಿ ತೋರಿಸಿದ ತಾಯಿಯೂ ದೊರೆತಿದ್ದಳು.

ದೀಕ್ಷೆಯ ಪರೀಕ್ಷೆ ನಡೆಯಲ್ಲಿ. ದೀಕ್ಷೆ ಹೊಂದಿದವರಲ್ಲಿ ಯೆಹೂದಿ, ಗ್ರೀಕ, ದಾಸ, ಒಡೆಯ ಎಂಬ ಭೇದ ಉಳಿಯದೆಂದು ಸಂತ ಪೌಲನು ಬೋಧಿಸಿದನು. ಆದರೂ ಕರಾವಳಿಯ ಕ್ರೈಸ್ತರಲ್ಲಿ ಪೂರ್ವದ ಜಾತಿಗಳು ವಿವಾಹಸಂಬಂಧಗಳಲ್ಲಿ ಬಹುಕಾಲ ಉಳಿದುಬಂದವು. ಇದನ್ನು ಕೇಳಿ ನಾವು ಮುಗುಳ್ನಗುವ ಹಾಗಿಲ್ಲ. ಲಿಂಗದೀಕ್ಷೆಯಾದವನಿಗೆ ಪೂರ್ವಾಶ್ರಯವಿಲ್ಲವೆಂದು ಸಾರಿದ ಧರ್ಮ ನಮ್ಮದು. ಪಂಚಮಸಾಲಿ, ಬಣಜಿಗ, ಸಾದರ, ನೊಳಂಬ, ಗಾಣಿಗರೆಂದು ಕನ್ಯೆಯನ್ನು ಹುಡುಕುವಾಗ ನಮ್ಮ ದೀಕ್ಷೆ ಎಲ್ಲಿ ಅಡಗಿರುತ್ತದೆ? ಅವರ ನೀರು ಆರಿಹೋಯಿತೆಂದು ಹೇಳುವ ಬಾಯಿ, ನಮ್ಮ ಭಸ್ಮ ಎಲ್ಲಿ ಉದುರಿತೆಂಬುದನ್ನೂ ಹೇಳಬೇಕು.

ನಮ್ಮಲ್ಲಿಯೂ ಹಸುಗೂಸಿಗೆ ಲಿಂಗಧಾರಣೆ ಮಾಡಿಸುವ ಸಂಪ್ರದಾಯವಿದೆ. ಅರಿವು ಬಂದ ಮೇಲೆ ಗುರುವಿನಿಂದ ದೀಕ್ಷೆ ಕೊಡಿಸುವ ಕ್ರಮವೂ ಇದೆ. ಮೊದಲನೆಯದು ನಡೆದು ಎರಡನೆಯದು ಮರೆತುಹೋದ ಮನೆಗಳು ಎಷ್ಟಿಲ್ಲ! ಕರಡಿಗೆ ಪೆಟ್ಟಿಗೆಯ ತಳ ಸೇರಿದೆ; ಮಗ ಯಾಕೆಂದು ಕೇಳಿದರೆ ತಂದೆಗೆ ಉತ್ತರ ತಿಳಿಯದು. ಅಂಥಲ್ಲಿ ತಪ್ಪು ಶಿಶುವಿಗೆ ಸಂಸ್ಕಾರ ಕೊಟ್ಟದ್ದರಲ್ಲಿಲ್ಲ, ಕೊಟ್ಟವರು ಕೈತೊಳೆದುಕೊಂಡದ್ದರಲ್ಲಿದೆ.

ಭಕ್ತ ಬಂಧುಗಳೇ, ಮಗುವಿನ ಕೊರಳಿಗೆ ಲಿಂಗವನ್ನು ಕಟ್ಟಿಸುವ ದಿನ ತಾಯಿತಂದೆಯರು ತಮ್ಮನ್ನೇ ಕೇಳಿಕೊಳ್ಳಬೇಕು: ಈ ಕೂಸಿನ ಪರವಾಗಿ ನಾವು ಯಾವ ಮಾತು ಕೊಡುತ್ತಿದ್ದೇವೆ? ಅದನ್ನು ನಡೆಸಿಕೊಡುವ ಬಲ ನಮ್ಮ ಬಾಳಿಗಿದೆಯೇ? ಬೆಳೆದ ಮಗು ಪ್ರಶ್ನೆ ಕೇಳಿದಾಗ ಗದರದೆ ಉತ್ತರಿಸುವ ತಾಳ್ಮೆಯಿದೆಯೇ? ಅರಿಯದ ಕೂಸಿಗೆ ದೀಕ್ಷೆ ಏತಕ್ಕೆಂದರೆ, ಅರಿತ ಹಿರಿಯರು ಎಚ್ಚರವಾಗಿರುವುದಕ್ಕೆ. ಆ ಎಚ್ಚರವಿದ್ದಲ್ಲಿ ಮಗು ತಾನಾಗಿ ಕೈಚಾಚಿ ಅದನ್ನು ತನ್ನದಾಗಿಸಿಕೊಳ್ಳುವ ದಿನ ಬಂದೀತು. ಎಚ್ಚರವಿಲ್ಲದಲ್ಲಿ ನೀರು ಬರಿಯ ನೀರು, ದಾರ ಬರಿಯ ದಾರ.