ಜೀರ್ಣೋದ್ಧಾರದ ಧರ್ಮ

ಒಂದು ವಸ್ತುವಿನ ಅವಯವಗಳೆಲ್ಲ ಒಂದೊಂದಾಗಿ ಸವೆದು, ಅವುಗಳ ಸ್ಥಾನದಲ್ಲಿ ಬೇರೆ ಅವಯವಗಳು ಬಂದು ನಿಂತ ಮೇಲೂ ಅದು ಮೊದಲಿನ ವಸ್ತುವೇ ಎನ್ನಲು ನಮಗೆ ಅಧಿಕಾರವುಂಟೇ ಎಂಬ ಪ್ರಶ್ನೆ ಬಹು ಪ್ರಾಚೀನವಾದುದು. ಅಥೆನ್ಸಿನ ಜನರು ಥೀಸಿಯಸ್ ವೀರನ ಹಡಗಿನಲ್ಲಿ ಕೊಳೆತ ಹಲಗೆಗಳನ್ನು ತೆಗೆದು ಹೊಸವನ್ನು ಕೂಡಿಸುತ್ತ ಅದನ್ನು ಬಹುಕಾಲ ಕಾಪಾಡಿದರೆಂದೂ, ತತ್ತ್ವಜ್ಞರಿಗೆ ಆ ಹಡಗೇ ವಾದದ ವಿಷಯವಾಯಿತೆಂದೂ ಪ್ಲೂಟಾರ್ಕನು ಬರೆದಿದ್ದಾನೆ. ನಮ್ಮಲ್ಲಿ ಮಿಲಿಂದಪ್ರಶ್ನೆಯ ನಾಗಸೇನ ಭಿಕ್ಷುವು, ರಥವೇರಿ ಬಂದ ಯವನ ಅರಸನನ್ನು ಅಚ್ಚು ರಥವೇ, ಗಾಲಿ ರಥವೇ, ನೊಗ ರಥವೇ ಎಂದು ಕೇಳುತ್ತ ಹೋಗಿ, ರಥವೆಂಬುದು ಈ ಎಲ್ಲವುಗಳ ಕೂಟವನ್ನು ಆಶ್ರಯಿಸಿದ ವ್ಯವಹಾರನಾಮ ಮಾತ್ರವೆಂದು ಒಪ್ಪಿಸಿದನು. ಇಂತಹ ಪ್ರಶ್ನೆಗಳು ವಿಹಾರಗಳಲ್ಲಿಯೂ ಪಾಠಶಾಲೆಗಳಲ್ಲಿಯೂ ಮಾತ್ರ ಏಳುವುವೆಂದು ತಿಳಿಯಬಾರದು. ಸೋಲಾಪುರದ ಗೃಹಸ್ಥನೊಬ್ಬನು ತಂದೆಯ ಕಾಲದ ಫಿಯೆಟ್ ಕಾರನ್ನು ಮನೆಯಂಗಳದಲ್ಲಿ ಬಿಚ್ಚಿಟ್ಟುಕೊಂಡು ಕುಳಿತಾಗಲೂ ಅದೇ ಪ್ರಶ್ನೆ ಅವನೆದುರಿಗೆ ನಿಲ್ಲುತ್ತದೆ.

ಸೋಲಾಪುರಕ್ಕೂ ಆ ಕಾರಿಗೂ ಇರುವ ಸಂಬಂಧವನ್ನು ಊರಿನವರೇ ಅನೇಕರು ಮರೆತಿದ್ದಾರೆ. ಅದನ್ನು ನಿರ್ಮಿಸಿದ ಪ್ರೀಮಿಯರ್ ಆಟೋಮೊಬೈಲ್ಸ್ ಸಂಸ್ಥೆಯನ್ನು ೧೯೪೪ರಲ್ಲಿ ಸ್ಥಾಪಿಸಿದ ವಾಲಚಂದ ಹಿರಾಚಂದರು ೧೮೮೨ರಲ್ಲಿ ಜನಿಸಿದುದು ಸೋಲಾಪುರದ ಒಂದು ಜೈನ ಮನೆತನದಲ್ಲಿ. ಬೆಂಗಳೂರಿನಲ್ಲಿ ಮೈಸೂರು ಸಂಸ್ಥಾನದ ನೆರವಿನಿಂದ ೧೯೪೦ರಲ್ಲಿ ವಿಮಾನದ ಕಾರಖಾನೆಗೆ ಅಡಿಪಾಯ ಹಾಕಿದವರೂ ಅವರೇ. ಮುಂಬಯಿಯ ಕುರ್ಲಾದಲ್ಲಿದ್ದ ಅವರ ಕಾರಖಾನೆಯು ಮೊದಲು ಅಮೆರಿಕದ ಡಾಡ್ಜ್, ಪ್ಲಿಮತ್ ಗಾಡಿಗಳನ್ನು ಜೋಡಿಸಿ, ಬಳಿಕ ಇಟಲಿಯ ಫಿಯೆಟ್ಟಿನ ಕಡೆಗೆ ತಿರುಗಿತು. ಆ ಡಾಡ್ಜ್, ಪ್ಲಿಮತ್ ಹೆಸರುಗಳೇ ೧೯೬೦ರ ದಶಕದ ಅಮೆರಿಕದಲ್ಲಿ ಎಂಟು ಸಿಲಿಂಡರಿನ ಮಹಾಬಲದ ಎಂಜಿನುಗಳನ್ನು ಹೊತ್ತು 'ಮಸಲ್ ಕಾರ್' ಎಂದು ಪ್ರಖ್ಯಾತವಾದುವು. ಅವುಗಳನ್ನು ಮನೆಯಲ್ಲಿಯೇ ಪುನರುದ್ಧರಿಸುವ ವ್ರತವನ್ನು ಅಲ್ಲಿಯ ಅನೇಕರು ಕೈಕೊಂಡಿದ್ದಾರೆ. ನಮ್ಮ ಭಾಗಕ್ಕೆ ಬಂದುದು ೧೦೮೯ ಸಿ.ಸಿ.ಯ ನಾಲ್ಕು ಸಿಲಿಂಡರಿನ ಸಾಧುವಾದ ಎಂಜಿನ್ನು, ಸ್ಟಿಯರಿಂಗಿನ ಕೆಳಗೇ ಇದ್ದ ಗೇರಿನ ಕೋಲು, ಕೊನೆಗೆ ಪದ್ಮಿನಿ ಎಂಬ ಹೆಸರು. ಎರಡು ಬಗೆಯ ಕಾರುಗಳ ಬಲದಲ್ಲಿ ಅಂತರವಿದ್ದರೂ ಉದ್ಧರಿಸುವವನ ಧರ್ಮದಲ್ಲಿ ಅಂತರವಿಲ್ಲ.

ಸೋಲಾಪುರವು ನೂಲಿನ ಊರು. ಅಲ್ಲಿಯ ಚಾದರವನ್ನು ಅರಿಯದವರು ವಿರಳ. ನೈಯಾಯಿಕರಾದರೋ ಅವಯವ ಮತ್ತು ಅವಯವಿಗಳ ವಿಚಾರವನ್ನು ಎತ್ತಿದಾಗಲೆಲ್ಲ ನೂಲು ಮತ್ತು ಬಟ್ಟೆಗಳ ದೃಷ್ಟಾಂತವನ್ನೇ ಕೊಡುತ್ತಾರೆ. ಅವರ ಮತದಲ್ಲಿ ಬಟ್ಟೆಯೆಂಬುದು ನೂಲುಗಳ ರಾಶಿಯಲ್ಲ, ನೂಲುಗಳಲ್ಲಿ ಸಮವಾಯವೆಂಬ ಅಗಲದ ಸಂಬಂಧದಿಂದಿರುವ ಬೇರೆಯೇ ಆದ ಒಂದು ವಸ್ತು; ಆದರೆ ಒಂದು ನೂಲು ಕಳಚಿದೊಡನೆ ಹಿಂದಿನ ಬಟ್ಟೆ ನಾಶವಾಗಿ ಉಳಿದ ನೂಲುಗಳಿಂದ ಹೊಸದೊಂದು ಬಟ್ಟೆ ಹುಟ್ಟುತ್ತದೆ, ಸಾದೃಶ್ಯದ ಬಲದಿಂದ ನಾವು ಅದನ್ನು ಹಳೆಯದೆಂದೇ ಕರೆಯುತ್ತೇವೆ. ಈ ಲೆಕ್ಕದಲ್ಲಿ ಪಿಸ್ಟನ್ನಿನ ಒಂದು ರಿಂಗನ್ನು ಬದಲಿಸಿದ ಗಳಿಗೆಯಲ್ಲಿಯೇ ತಂದೆಯ ಕಾರು ಇಲ್ಲವಾಗಿ ಮಗನ ಕಾರು ಹುಟ್ಟಿತೆನ್ನಬೇಕಾಗುತ್ತದೆ. ತರ್ಕವು ನಿರ್ದೋಷವಾದುದೇ, ಆದರೆ ಆ ಕಾರಿನ ಹಿಂಬದಿಯ ಆಸನದಲ್ಲಿ ನಿದ್ದೆಹೋಗುತ್ತ ಬೆಳೆದ ಮಗನ ಅನುಭವಕ್ಕೆ ಅದು ಹೊಂದುವುದಿಲ್ಲ.

ವಾಲಚಂದರ ಮನೆತನದ ಧರ್ಮವು ಈ ವಿಷಯದಲ್ಲಿ ಹೆಚ್ಚು ಉದಾರವಾದುದು. ಉತ್ಪತ್ತಿ, ವ್ಯಯ, ಸ್ಥೈರ್ಯ ಈ ಮೂರೂ ಏಕಕಾಲದಲ್ಲಿ ಇರುವುದೇ ವಸ್ತುವಿನ ಲಕ್ಷಣವೆಂದು ಜೈನರು ಹೇಳುತ್ತಾರೆ. ಸಮಂತಭದ್ರಾಚಾರ್ಯರು ಆಪ್ತಮೀಮಾಂಸೆಯಲ್ಲಿ ಕೊಟ್ಟ ಉದಾಹರಣೆ ಪ್ರಸಿದ್ಧವಾಗಿದೆ: ಚಿನ್ನದ ಕಲಶವನ್ನು ಕರಗಿಸಿ ಕಿರೀಟ ಮಾಡಿದಾಗ ಕಲಶವನ್ನು ಬಯಸಿದವನಿಗೆ ಶೋಕ, ಕಿರೀಟವನ್ನು ಬಯಸಿದವನಿಗೆ ಹರ್ಷ, ಚಿನ್ನವನ್ನು ಬಯಸಿದವನಿಗೆ ಎರಡೂ ಇಲ್ಲದ ಸಮಭಾವ. ಸೋಲಾಪುರದ ಜೀವರಾಜ ಜೈನ ಗ್ರಂಥಮಾಲೆಯು ಇಂತಹ ವಿಚಾರದ ಪ್ರಾಚೀನ ಗ್ರಂಥಗಳನ್ನು, ನಮ್ಮ ಸದಲಗಾದ ಆ. ನೇ. ಉಪಾಧ್ಯೆಯವರಂತಹ ವಿದ್ವಾಂಸರ ಸಂಪಾದಕತ್ವದಲ್ಲಿ, ಲೋಕಕ್ಕೆ ಒದಗಿಸಿದೆಯೆಂಬುದನ್ನು ಇಲ್ಲಿ ನೆನೆಯದಿರಲಾರೆ. ಆದರೂ ಕಾರಿನ ವಿಷಯದಲ್ಲಿ ಈ ಉದಾಹರಣೆಯು ತಲೆಕೆಳಗಾಗುತ್ತದೆ. ಕಲಶವು ಕಿರೀಟವಾದಾಗ ದ್ರವ್ಯವು ಉಳಿದು ಆಕೃತಿಯು ಹೋಯಿತು. ಕಾರಿನಲ್ಲಿ ಆಕೃತಿಯು ಉಳಿದು ದ್ರವ್ಯವೇ ಹೋಗುತ್ತದೆ, ತುಕ್ಕು ತಿಂದ ತಗಡು ಗುಜರಿಗೆ ಸಲ್ಲುತ್ತದೆ. ಸ್ಥಿರವಾಗಿ ಉಳಿದುದು ಯಾವುದು?

ನನಗೆ ಇದಕ್ಕೆ ಉತ್ತರವು ದೊರೆತುದು ದೇವಾಲಯದ ವಿಧಿಗಳನ್ನು ಹೇಳುವ ಆಗಮಗಳಲ್ಲಿ. ಜೀರ್ಣವಾದ ದೇವಾಲಯವನ್ನು ಉದ್ಧರಿಸುವಾಗ ಮೂರ್ತಿಯಲ್ಲಿಯ ಸಾನ್ನಿಧ್ಯವನ್ನು ಮಂತ್ರಪೂರ್ವಕವಾಗಿ ಕಲಶದ ಜಲಕ್ಕೆ ಆವಾಹಿಸಿ, ತಾತ್ಕಾಲಿಕ ಗುಡಿಯಾದ ಬಾಲಾಲಯದಲ್ಲಿ ಇರಿಸಿ, ಕಲ್ಲುಕೆಲಸವು ಮುಗಿಯುವವರೆಗೆ ನಿತ್ಯಪೂಜೆಯನ್ನು ಅಲ್ಲಿ ನಡೆಸುತ್ತಾರೆ. ಭಿನ್ನವಾದ ಮೂರ್ತಿಯನ್ನು ವಿಸರ್ಜಿಸಿ ಹೊಸದನ್ನು ಪ್ರತಿಷ್ಠಿಸಿದರೂ ದೇವರು ಹೊಸಬನಾಗುವುದಿಲ್ಲ. ಕಲ್ಲು ಬದಲಾಯಿತು, ಕಟ್ಟಡ ಬದಲಾಯಿತು, ಸೇವೆಯು ಮಾತ್ರ ಒಂದು ದಿನವೂ ಕಡಿಯಲಿಲ್ಲ. ಆ ಅವಿಚ್ಛಿನ್ನವಾದ ಸೇವೆಯೇ ಸ್ಥಿರಾಂಶವೆಂದು ನಾನು ತಿಳಿಯುತ್ತೇನೆ. ಮನುಷ್ಯನು ಮಾಡಿದ ವಸ್ತುಗಳಲ್ಲಿಯೂ ಹೀಗೆಯೇ: ಅವುಗಳ ಏಕತ್ವವು ಅವುಗಳ ಲೋಹದಲ್ಲಿಲ್ಲ, ಅವುಗಳನ್ನು ನೋಡಿಕೊಂಡವರ ಸತ್ಯನಿಷ್ಠೆಯಲ್ಲಿದೆ.

ಸತ್ಯನಿಷ್ಠೆ ಎಂಬುದು ದೊಡ್ಡ ಮಾತಾಯಿತೆಂದು ಯಾರಿಗಾದರೂ ತೋರಿದರೆ ಅವರು ಹಳೆಯ ಕಾರಿನ ಒಂದು ಬಾಗಿಲನ್ನು ಬಿಚ್ಚಿ ನೋಡಬೇಕು. ಗಾಜಿನ ಅಂಚಿನ ರಬ್ಬರು ಬಿಸಿಲಿಗೆ ಒಣಗಿ ಬಿರಿದಾಗ ಮಳೆಯ ನೀರು ಬಾಗಿಲಿನೊಳಕ್ಕೆ ಇಳಿಯುತ್ತದೆ; ಅದು ಹರಿದುಹೋಗಲೆಂದೇ ಬಾಗಿಲಿನ ತಳದಲ್ಲಿ ಸಣ್ಣ ರಂಧ್ರಗಳನ್ನು ಬಿಟ್ಟಿರುತ್ತಾರೆ. ಧೂಳು ಕೂಡಿ ಆ ರಂಧ್ರಗಳು ಮುಚ್ಚಿದುವೆಂದರೆ ನೀರು ಒಳಗೇ ನಿಂತು ತಗಡನ್ನು ಒಳಮೈಯಿಂದ ತಿನ್ನತೊಡಗುತ್ತದೆ. ಹೊರಗಿನ ಬಣ್ಣದಲ್ಲಿ ಒಂದೆರಡು ಗುಳ್ಳೆಗಳು ಎದ್ದು ಕಾಣುವ ಹೊತ್ತಿಗೆ ಒಳಗಿನ ತಗಡು ಜರಡಿಯಾಗಿರುತ್ತದೆ. ಇಲ್ಲಿ ಎರಡು ದಾರಿಗಳಿವೆ. ಗುಳ್ಳೆಯನ್ನು ಕೆರೆದು, ಪುಟ್ಟಿ ತುಂಬಿ, ಮರಳುಕಾಗದದಿಂದ ಉಜ್ಜಿ, ಬಣ್ಣ ಹೊಡೆದರೆ ಮರುದಿನವೇ ಬಾಗಿಲು ಕನ್ನಡಿಯಂತೆ ಹೊಳೆಯುತ್ತದೆ; ಮುಂದಿನ ಮಳೆಗಾಲದ ತನಕ ಯಾರಿಗೂ ತಿಳಿಯದು. ಇಲ್ಲವೇ ಶುದ್ಧ ಲೋಹ ಕಾಣುವವರೆಗೆ ತುಕ್ಕನ್ನೆಲ್ಲ ಕತ್ತರಿಸಿ ತೆಗೆದು, ಅಷ್ಟೇ ದಪ್ಪದ ತಗಡನ್ನು ಬಡಿದು ಆಕಾರಕ್ಕೆ ತಂದು, ಬೆಸೆದು, ಒಳಮೈಗೂ ಪ್ರೈಮರು ಬಳಿದು, ಮುಚ್ಚಿದ ರಂಧ್ರಗಳನ್ನು ಮತ್ತೆ ತೆರೆಯಬೇಕು. ಎರಡನೆಯ ಕೆಲಸವು ಯಾರ ಕಣ್ಣಿಗೂ ಬೀಳದು, ಅದನ್ನು ಹೊಗಳುವವರೂ ಇಲ್ಲ. ಕಾಣದ ಭಾಗಕ್ಕೆ ಕಾಣುವ ಭಾಗದಷ್ಟೇ ಆದರವನ್ನು ಸಲ್ಲಿಸುವವನು, ತಾನು ಅರಿತಿರಲಿ ಅರಿಯದಿರಲಿ, ಅಂತರ್ಯಾಮಿಯನ್ನು ಸಾಕ್ಷಿಯಾಗಿಟ್ಟುಕೊಂಡೇ ದುಡಿಯುತ್ತಾನೆ.

ಜಡವಸ್ತುವಿನಲ್ಲಿ ಇಷ್ಟು ಆಸಕ್ತಿಯು ಬಂಧನವಲ್ಲವೇ ಎಂಬ ಆಕ್ಷೇಪವಿದೆ. ಅದನ್ನು ಲಘುವಾಗಿ ಎಣಿಸಬಾರದು. ಇದೇ ಸೋಲಾಪುರದಲ್ಲಿ, ಅದು ಸೊನ್ನಲಿಗೆಯಾಗಿದ್ದ ಕಾಲದಲ್ಲಿ, ಕೆರೆಯನ್ನೂ ಗುಡಿಗಳನ್ನೂ ಕಟ್ಟಿಸುತ್ತಿದ್ದ ಸಿದ್ಧರಾಮನ ಬಳಿಗೆ ಅಲ್ಲಮಪ್ರಭುವು ಬಂದು ಅವನನ್ನು ಮಣ್ಣು ಕಲ್ಲು ಹೊರುವ ಒಡ್ಡನೆಂದು ಕರೆದುದನ್ನೂ, ಕೆರಳಿದ ಕೆಲಸಗಾರರು ಕಲ್ಲೆಸೆದುದನ್ನೂ ಶೂನ್ಯಸಂಪಾದನೆಯು ವರ್ಣಿಸುತ್ತದೆ. ಅಲ್ಲಮನು ನಿರಾಕರಿಸಿದುದು ಕೆರೆಯನ್ನಲ್ಲ, ಕೆರೆಯನ್ನು ನಾನು ಕಟ್ಟಿಸಿದೆನೆಂಬ ಅಭಿಮಾನವನ್ನು ಎಂದೇ ನನ್ನ ತಿಳಿವಳಿಕೆ. ಆ ಅಭಿಮಾನವನ್ನು ಬಿಟ್ಟು ಸಿದ್ಧರಾಮನು ಅನುಭವಮಂಟಪದ ಶರಣನಾದನು. ಕೆರೆಯೂ ಉಳಿಯಿತು, ಇಂದಿಗೂ ಗುಡಿಯ ಸುತ್ತ ನೀರಿದೆ. ಕಾರನ್ನು ಉದ್ಧರಿಸುವವನಿಗೂ ಇದೇ ಪರೀಕ್ಷೆ. ಪ್ರದರ್ಶನದ ಬಹುಮಾನಕ್ಕಾಗಿ ಮಾಡಿದ ಕೆಲಸವು ಪುಟ್ಟಿಯ ಕಡೆಗೆ ಜಾರುವುದು ಸುಲಭ; ಕೆಲಸಕ್ಕಾಗಿಯೇ ಮಾಡಿದುದು ಕಾಯಕವಾಗುತ್ತದೆ.

ಸೋಲಾಪುರದಿಂದ ನಾಲ್ವತ್ತು ಕಿಲೋಮೀಟರು ದೂರದ ಅಕ್ಕಲಕೋಟೆಯಲ್ಲಿ ಕಾಪಿಡುವ ಎರಡು ರೀತಿಗಳನ್ನು ಕಾಣಬಹುದು. ಭೋಸಲೆ ಅರಸರ ಶಸ್ತ್ರಾಗಾರದಲ್ಲಿ ಖಡ್ಗಗಳೂ ಬಂದೂಕುಗಳೂ ಬಳಕೆಯಿಂದ ಮುಕ್ತವಾಗಿ ಉಳಿದಿವೆ. ೧೮೭೮ರಲ್ಲಿ ಸಮಾಧಿಸ್ಥರಾದ ಸ್ವಾಮಿ ಸಮರ್ಥರು ಕುಳಿತ ವಟವೃಕ್ಷವಾದರೋ ಬಿಳಲುಗಳಿಂದ ತನ್ನನ್ನು ತಾನೇ ನವೀಕರಿಸಿಕೊಳ್ಳುವ ಜಾತಿಯದು. ಕಾರು ಎರಡನೆಯ ಪಂಕ್ತಿಗೆ ಸೇರಿದುದು. ನಿಲ್ಲಿಸಿಟ್ಟರೆ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲು ಅಂಟಾಗುತ್ತದೆ, ರಬ್ಬರಿನ ಸೀಲುಗಳು ಒಣಗುತ್ತವೆ. ಓಡಿದರೇ ಅದಕ್ಕೆ ಆಯುಷ್ಯ.

ಹಳೆಯ ವಾಹನವು ಎಲ್ಲಿಯವರೆಗೆ ಅದೇ ವಾಹನವೆಂಬ ಪ್ರಶ್ನೆಗೆ ಸರಕಾರವೂ ತನ್ನ ಉತ್ತರವನ್ನು ಕೊಟ್ಟಿದೆ. ೨೦೨೧ರ ಜುಲೈ ತಿಂಗಳ ನಿಯಮದಂತೆ, ಮೊದಲ ನೋಂದಣಿಯಾಗಿ ೫೦ ವರ್ಷಗಳು ಕಳೆದ, ಚಾಸಿ, ಕವಚ, ಎಂಜಿನ್ನುಗಳಲ್ಲಿ ಗಣನೀಯವಾದ ಮಾರ್ಪಾಡಿಲ್ಲದ ವಾಹನವು ವಿಂಟೇಜ್ ಎನಿಸಿ, ಸಂಖ್ಯಾಫಲಕದಲ್ಲಿ 'ವಿಎ' ಎಂಬ ಅಕ್ಷರಗಳನ್ನು ಪಡೆಯುತ್ತದೆ. ವ್ಯವಹಾರಕ್ಕೆ ಇಷ್ಟು ಸಾಕು. ಧರ್ಮಕ್ಕೆ ಇನ್ನೊಂದು ಬೇಕು: ಬದಲಾದುದನ್ನು ಬದಲಾಯಿತೆಂದು ಹೇಳುವ ಪ್ರಾಮಾಣಿಕತೆ. ಆದುದರಿಂದ ಹಳೆಯ ವಾಹನವನ್ನು ಮನೆಯಲ್ಲಿ ಬಿಚ್ಚಲು ತೊಡಗಿರುವ ಓದುಗರಲ್ಲಿ ನನ್ನ ಬಿನ್ನಹವಿಷ್ಟೆ: ಒಂದು ವಹಿಯನ್ನಿಡಿರಿ, ತೆಗೆದ ಭಾಗ, ಹಾಕಿದ ಭಾಗ, ದಿನಾಂಕ, ಕೆಲಸ ಮಾಡಿದ ಮಿಸ್ತ್ರಿಯ ಹೆಸರು, ಎಲ್ಲವನ್ನೂ ಅದರಲ್ಲಿ ಬರೆಯಿರಿ, ಎಂದಾದರೂ ಕಾರನ್ನು ಇನ್ನೊಬ್ಬರಿಗೆ ಒಪ್ಪಿಸಬೇಕಾಗಿ ಬಂದರೆ ಬೀಗದ ಕೈಯೊಡನೆ ಆ ವಹಿಯನ್ನೂ ಕೊಡಿರಿ.